ಎಳೆದು ಬಿಡುವ ಕೆಲಸ

ಸೋಫಾ ಕೂತಲ್ಲಿ ಕೂರುತ್ತಿರಲಿಲ್ಲ. ತಾಪತ್ರಯವೆಲ್ಲ ಅಲ್ಲಿಂದಲೇ ಶುರು.

ನಿಜವಾದ ಸೋಫಾ ಅಲ್ಲ, ಕಂಪ್ಯೂಟರ್ ಪರದೆಯ ಮೇಲಿನದು. ಮೌಸಿನ ಹೊಟ್ಟೆಯಲ್ಲಿ ರಬ್ಬರ್ ಗುಂಡು ಉರುಳುತ್ತಿದ್ದ, ಮಾನಿಟರ್ ಎತ್ತಲು ಇಬ್ಬರು ಬೇಕಾಗುತ್ತಿದ್ದ ಕಾಲ ಅದು. ನೆನೆದರೆ ಈಗಲೂ ಮನಸ್ಸು ಹಿಗ್ಗುತ್ತದೆ. ಆ ಫರ್ನಿಚರ್ ಅಂಗಡಿಗೂ ಒಂದು ಕಂಪ್ಯೂಟರ್ ಬಂದಿತ್ತು. ಅದರ ಮುಂದೆ ಕೂತವನಿಗೆ ಎಲ್ಲರೂ 'ಬಟನ್' ಎಂದು ಹೆಸರಿಟ್ಟಿದ್ದರು. ಮೊದಲು ಅವನು ಕೆಳಗೆ ಬೀರು, ಮಂಚ ಹೊರುತ್ತಿದ್ದವನು. ಸೊಂಟ ಕೈಕೊಟ್ಟ ಮೇಲೆ ಯಜಮಾನರು, "ಓದ್ಕೊಂಡಿದೀಯಲ್ಲ, ಇದನ್ನಾದ್ರೂ ನೋಡ್ಕೋ" ಎಂದು ಮಹಡಿ ಹತ್ತಿಸಿದ್ದರು.

ಕೆಲಸ ಇಷ್ಟೇ. ಗಿರಾಕಿ ಸೋಫಾದ ಚಿತ್ರವನ್ನು ಮೌಸಿನಿಂದ ಹಿಡಿದು, ಎಳೆದು, ಕೋಣೆಯ ನಕ್ಷೆಯೊಳಗೆ ಬಿಡಬೇಕು. ಅದು ಅಲ್ಲೇ ಕೂರಬೇಕು. ಇವತ್ತು ಸಂಜೆಯೊಳಗೆ ಕೂರದಿದ್ದರೆ ಕಂಪ್ಯೂಟರ್ ವಾಪಸ್ಸು, ಬಟನ್ ಮತ್ತೆ ಬೀರು ಹೊರಲು ಕೆಳಕ್ಕೆ.

ಬಟನ್ ಎಳೆದ, ಬಿಟ್ಟ. ಸೋಫಾ ತವರು ನೆನಪಾದವರ ಹಾಗೆ ಓಡಿ ಮೊದಲಿದ್ದ ಜಾಗಕ್ಕೇ ಹೋಯಿತು.

ಪರದೆ ನಡೆಸುವ ದೊಡ್ಡ ಸಾಫ್ಟ್‌ವೇರಿನ ಭಾಷೆ ಒಂದು, ಬಟನ್ ಬರೆಯುತ್ತಿದ್ದ ಪುಟ್ಟ ಸ್ಕ್ರಿಪ್ಟಿನ, ಅಂದರೆ ಆಜ್ಞೆಗಳ ಪಟ್ಟಿಯ, ಭಾಷೆ ಇನ್ನೊಂದು. ನಡುವೆ ಬೈಂಡಿಂಗ್ ಎಂಬ ದಲ್ಲಾಳಿ. 'ಏನೋ ಎಳೀತಿದಾರೆ', 'ನಕ್ಷೆಯೊಳಗೆ ಬಂತು', 'ಬಿಟ್ಟರು' ಎಂದು ದಲ್ಲಾಳಿ ಸುದ್ದಿ ತರುತ್ತಾನೆ. ಒಂದೊಂದಕ್ಕೂ ಸ್ಕ್ರಿಪ್ಟು ಉತ್ತರ ಕೊಡಬೇಕು. 'ಬಿಟ್ಟರು' ಎಂಬುದಕ್ಕೆ ಬಟನ್ ಚೆಂದದ ಉತ್ತರ ಬರೆದಿಟ್ಟಿದ್ದ. ಆ ಸುದ್ದಿಯೇ ಬರುತ್ತಿರಲಿಲ್ಲ.

ಅಂಗಡಿಯ ಹಳೆಯ ಬಡಗಿ ಮಾವ ಮೆಟ್ಟಿಲು ಹತ್ತಿ ಬಂದು ಪರದೆ ನೋಡಿದರು. "ಕಾಲು ಏರುಪೇರಾಗಿದೆ. ಅದಕ್ಕೇ ಜಾರ್ತಿದೆ."

"ಅದು ಚಿತ್ರ, ಮಾವ."

"ಚಿತ್ರ ಬರೆದೋನಿಗೆ ಕಾಲು ಬರೆಯೋಕೆ ಬಂದಿಲ್ಲ. ಇಲ್ಲಾ ಈ ಇಲಿಗೇ ಹೊಟ್ಟೆ ಕೆಟ್ಟಿದೆ, ತಾಳು."

ಬಟನ್ ತಡೆಯುವಷ್ಟರಲ್ಲಿ ಮಾವ ಮೌಸಿನ ಮುಚ್ಚಳ ತಿರುಗಿಸಿದರು. ರಬ್ಬರ್ ಗುಂಡು ಕೆಳಗೆ ಬಿತ್ತು, ಬಾಗಿಲು ದಾಟಿತು, ಮೆಟ್ಟಿಲು ಮೆಟ್ಟಿಲು ಇಳಿದು ಅಂಗಡಿಯ ಅತಿ ಭಾರದ ಬೀರುವಿನ ಅಡಿ ಸೇರಿತು. ಇಬ್ಬರೂ ಸೇರಿ ಬೀರು ಸರಿಸಿದರು. ಗುಂಡು ಸಿಕ್ಕಿತು, ಬಟನ್‌ನ ಸೊಂಟ ಹೋಯಿತು.

ಕುಂಟುತ್ತಾ ಮೇಲೆ ಬಂದರೆ ಲೆಕ್ಕ ಬರೆಯುವ ಅಕ್ಕ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಟನ್ ಅವಳತ್ತ ನೋಡದೆ ಕುರ್ಚಿಗೆ ಬಿದ್ದು ಮೌಸ್ ಜೋಡಿಸತೊಡಗಿದ. ಅವಳು ಸ್ವಲ್ಪ ಹೊತ್ತು ಕಾದಳು.

"ಬಾಗಿಲವರೆಗೆ ಬಂದೋಳಿಗೆ 'ಬಾ' ಅನ್ನೋಕೂ ಬಾಯಿಲ್ಲ. ಕರೀದೆ ಒಳಗೆ ಬಂದು ಕೂರೋಕೆ ನನಗೇನು ಮಾನ ಮರ್ಯಾದೆ ಇಲ್ವಾ? ವಾಪಸ್ ಹೋಗ್ತೀನಿ, ಟೀನೂ ತಗೊಂಡು ಹೋಗ್ತೀನಿ."

ಹಾಗೆಯೇ ಹೋದಳು. ಬಟನ್ ಬಾಯಿ ಬಿಟ್ಟುಕೊಂಡು ಖಾಲಿ ಬಾಗಿಲು ನೋಡುತ್ತಾ ಕೂತ. 'ನಕ್ಷೆಯೊಳಗೆ ಬಂತು' ಎಂಬ ಸುದ್ದಿಗೆ ಅವನು 'ಬಾ' ಎಂದು ಉತ್ತರವನ್ನೇ ಬರೆದಿರಲಿಲ್ಲ. ಒಪ್ಪಿಗೆ ಸಿಗದ ಸೋಫಾ ಮಾನವಾಗಿ ವಾಪಸ್ಸು ಹೋಗುತ್ತಿತ್ತು. ಒಂದೇ ಸಾಲು ಸೇರಿಸಿದ. ಎಳೆದ, ಬಿಟ್ಟ. ಸೋಫಾ ಗಟ್ಟಿಯಾಗಿ ಕೂತಿತು. ಅವನಿಗೆ ಅಳುವೇ ಬಂತು.

ಸಂಜೆ ಯಜಮಾನರು ಗಂಟುಮುಖ ಹಾಕಿಕೊಂಡು ಬಂದು ಮೌಸ್ ಹಿಡಿದರು. ಅಳತೆ ಗೊತ್ತಿದ್ದದ್ದು ಅದೊಂದೇ ಎಂದು ಬಟನ್ ನಕ್ಷೆಗೆ ಅವರ ಅಂಗಡಿಯನ್ನೇ ಬಿಡಿಸಿದ್ದ. ಅವರು ಒಂದು ಮೇಜು ಎಳೆದು ಬಿಟ್ಟರು. ಕೂತಿತು. ಕಿಟಕಿಯ ಪಕ್ಕಕ್ಕೊಂದು ತೂಗುಕುರ್ಚಿ ಬಿಟ್ಟರು. ಆಮೇಲೆ ಕಪಾಟು, ಮಂಚ, ಬೀರು ಒಂದೊಂದಾಗಿ ಅತ್ತಿತ್ತ ಎಳೆಯುತ್ತಾ ಹೋದರು. ಹೊರಗೆ ದೀಪ ಹತ್ತಿದ್ದೂ ಅವರಿಗೆ ತಿಳಿಯಲಿಲ್ಲ.

"ಅಪ್ಪ ಇದ್ದಾಗ ಅಂಗಡಿ ಹೀಗೇ ಇತ್ತು ಕಣಯ್ಯಾ" ಎಂದರು ಕೊನೆಗೆ. "ಅವರು ಈ ಕುರ್ಚೀಲಿ ತೂಗ್ತಾ ಕೂರೋರು. ನಾನು ಸ್ಕೂಲಿಂದ ಬಂದು ಈ ಮೇಜಿನಡಿ ನಿದ್ದೆ ಹೊಡೀತಿದ್ದೆ. ಕಂಪ್ಯೂಟರ್ ಎಲ್ಲಿಗೂ ಹೋಗಲ್ಲ ಬಿಡು."

ಬಟನ್ ನಿಟ್ಟುಸಿರು ಬಿಟ್ಟ. ಅಕ್ಕನೂ ಟೀ ತಂದು ಕೊಟ್ಟಳು.

"ಈಗ ನೀನೂ ಮಾವನೂ ಕೆಳಗೆ ಹೋಗಿ, ಎಲ್ಲಾ ಹೀಗೇ ಜೋಡಿಸಿ" ಎಂದರು ಯಜಮಾನರು.

ಬಟನ್ ಲೋಟ ಕೆಳಗಿಟ್ಟ. "ಸಾರ್, ಕಂಪ್ಯೂಟರ್ ಮುಂದೆ ನಾನು..."

"ನಾನು ಕೂರ್ತೀನಿ. ಎಳೆಯೋದು, ಬಿಡೋದು, ಇಷ್ಟೇ ತಾನೆ? ನನ್ನಂಥೋನಿಗೂ ಬರೋ ಹಾಗೆ ಮಾಡಿಟ್ಟಿದೀಯ."

ಮೇಲೆ ಯಜಮಾನರು ಎಳೆದರು, ಕೆಳಗೆ ಬಟನ್ ಮತ್ತು ಮಾವ ಎಳೆದರು. ಎಲ್ಲ ಮುಗಿದ ಮೇಲೆ ಯಜಮಾನರು ಇಳಿದು ಬಂದು ತೂಗುಕುರ್ಚಿಯ ಕೈ ಸವರುತ್ತಾ ನಿಂತರು. ಅಂಗಡಿ ನಿಜಕ್ಕೂ ಚೆಂದ ಕಾಣುತ್ತಿತ್ತು. ಸೊಂಟ ಹಿಡಿದು ನೆಲದ ಮೇಲೆ ಕೂತಿದ್ದ ಬಟನ್‌ಗೂ ಹಾಗೆಯೇ ಅನಿಸಿತು.

"ಥೇಟ್ ಅಪ್ಪನ ಕಾಲದ ಅಂಗಡಿ" ಎಂದು ಯಜಮಾನರು ಕಣ್ಣೊರೆಸಿಕೊಂಡರು. "ಬೇಗ ಮನೆಗೆ ಹೋಗಿ ಮಲಗಿ. ನಾಳೆ ತಾತನ ಕಾಲದ್ದು ಮಾಡೋಣ."