ಚಷ್ಮಾದ ಡಬ್ಬಿಯಲ್ಲಿ ಒಂದು ಪಿಸ್ತೂಲು

ಬೇಹುಗಾರರ ಕಥೆ ಬರೆಯುವವನಿಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಜೇಬು. ಸಿನಿಮಾದ ಬೇಹುಗಾರರು ಉದ್ದನೆಯ ಕೋಟು ಹಾಕಿಕೊಂಡಿರುತ್ತಾರೆ. ಅದರೊಳಗೆ ಪಿಸ್ತೂಲೇಕೆ, ಹಾರ್ಮೋನಿಯಂ ಇಟ್ಟುಕೊಂಡರೂ ಹೊರಗೆ ಕಾಣುವುದಿಲ್ಲ. ಬಸವಕಲ್ಯಾಣದ ಬಿಸಿಲಿನಲ್ಲಿ ಕೋಟು ತೊಟ್ಟು ಓಡಾಡುವವನನ್ನು ಹಿಡಿಯಲು ಶತ್ರುಗಳು ಬೇಕಾಗಿಲ್ಲ, ಓಣಿಯ ನಾಯಿಗಳೇ ಸಾಕು. ನಮ್ಮ ಕಡೆಯ ಬೇಹುಗಾರ ತೆಳ್ಳನೆಯ ಅಂಗಿ ಹಾಕಿಕೊಂಡು, ಬೆವರುತ್ತ, ಬಸ್ಸಿನಲ್ಲಿ ನಿಂತುಕೊಂಡೇ ಹೋಗಬೇಕು. ಅವನು ಆಯುಧವನ್ನು ಬಚ್ಚಿಡುವುದಾದರೂ ಎಲ್ಲಿ? ಈ ಪ್ರಶ್ನೆ ತಲೆ ತಿನ್ನುತ್ತಿದ್ದ ದಿನಗಳಲ್ಲಿ ನಾನು ಮನೆಯ ಸಾಮಾನನ್ನೆಲ್ಲ ಒಂದು ಥರ ನೋಡತೊಡಗಿದ್ದೆ. ಉಪ್ಪಿನಕಾಯಿ ಭರಣಿಯೊಳಗೆ ಕೈ ಇಳಿಸಿ ಆಳ ನೋಡುತ್ತಿದ್ದಾಗ ನನ್ನ ಹೆಂಡತಿ ಜಗದೇವಿ ಹಿಂದಿನಿಂದ ಬಂದಳು. "ಬಿಪಿ ಗುಳಿಗಿ ತಿಂದು ಇನ್ನಾ ತಾಸಾಗಿಲ್ಲ, ಆಗಲೇ ಕದ್ದು ತಿನ್ನಾಕತ್ತೀರೇನ್ರಿ?" ಎಂದಳು. ಪಿಸ್ತೂಲಿಗೆ ಜಾಗ ಹುಡುಕುತ್ತಿದ್ದೇನೆ ಎಂದು ಹೇಳುವುದಕ್ಕಿಂತ ಉಪ್ಪಿನಕಾಯಿ ಕಳ್ಳನಾಗುವುದೇ ಮರ್ಯಾದೆಯ ವಿಷಯ ಅನ್ನಿಸಿ ಬೆರಳು ನೆಕ್ಕಿಕೊಂಡೆ.

ನಾನು ಇಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ನನ್ನ ಗೆಳೆಯ ಶಿವರಾಜ ಹುಮನಾಬಾದಿನಲ್ಲಿ ಕನ್ನಡದ ಮಾಸ್ತರ. ಬಿ.ಎಡ್. ಓದುವಾಗ ಒಂದೇ ಖೋಲಿಯಲ್ಲಿದ್ದವರು, ಒಂದೇ ಪಾತ್ರೆಯಲ್ಲಿ ಅನ್ನ ಸೀಸಿಕೊಂಡು ಉಂಡವರು. ಹುಮನಾಬಾದಿನಲ್ಲಿ ಮಾಸ್ತರರೆಲ್ಲ ಸೇರಿ ಆಗಾಗ ನಾಟಕವಾಡುವುದುಂಟು. ಬರೆಯುವುದು ನಾನು, ಆಡಿಸುವುದು ಅವನು. ಈ ಸಲ ನಾನು ವೈಜ್ಞಾನಿಕ ನಾಟಕ ಬರೆದಿದ್ದೆ. ಬೇರೆ ಗ್ರಹದ ಗುಪ್ತಚರನೊಬ್ಬ ಮಾಸ್ತರನ ವೇಷದಲ್ಲಿ ನಮ್ಮ ಜಿಲ್ಲೆಗೆ ಬಂದು, ಭೂಮಿಯ ಜನ ಹೇಗಿದ್ದಾರೆಂದು ಮೇಲಕ್ಕೆ ವರದಿ ಕಳಿಸುವ ಕಥೆ. ಅವನು ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವ ದೃಶ್ಯವೆಂದರೆ ನನಗೆ ಪ್ರಾಣ. "ನಾಟಕ ಛಲೋ ಅದ. ಖರೇ ಅಂದ್ರ ಪಿಸ್ತೂಲ್ ಮ್ಯಾಲ ನಿಂತದ. ಅದನ್ನ ನೀನೇ ಮಾಡಿ ತಾ. ಅಂಗಡಿದು ತಂದ್ರ ಮಂದಿ ನಗತಾರ" ಎಂದು ಶಿವರಾಜನೇ ಫೋನಿನಲ್ಲಿ ಹೇಳಿದ್ದ. ಈ ಮಾತನ್ನು ಅವನೇ ಹೇಳಿದ್ದು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಕೊನೆಗೆ ಜಾಗ ಹೊಳೆದದ್ದು ನನ್ನ ಮೂಗಿನ ಕೆಳಗೇ, ಅಂಗಿಯ ಜೇಬಿನಲ್ಲಿ. ಐವತ್ತು ದಾಟಿದ ಗಂಡಸಿನ ಚಷ್ಮಾದ ಡಬ್ಬಿಯನ್ನು ಲೋಕದಲ್ಲಿ ಯಾರೂ ತೆಗೆದು ನೋಡುವುದಿಲ್ಲ. ಹೆಂಡತಿಯೂ ನೋಡುವುದಿಲ್ಲ. ಹಳೆಯ ಗಟ್ಟಿ ಡಬ್ಬಿಯೊಂದನ್ನು ತೆಗೆದುಕೊಂಡೆ. ಕೆಟ್ಟುಹೋದ ಸೊಳ್ಳೆ ಬ್ಯಾಟಿನ ಕರುಳು, ಹಸಿರು ಬೆಳಕಿನ ಸಣ್ಣ ಬಲ್ಬು, ರಿಮೋಟಿನ ಒಂದು ಗುಂಡಿ ಜೋಡಿಸಿದೆ. ಡಬ್ಬಿ ಮುಚ್ಚಿದ್ದರೆ ಪಾಪದ ಚಷ್ಮಾದ ಡಬ್ಬಿ. ಮುಚ್ಚಳವನ್ನು ಹಿಂದಕ್ಕೆ ಮಡಚಿ ಹಿಡಿದರೆ ಅದೇ ಹಿಡಿಕೆ; ಮುಂದಿನ ತೂತಿನಿಂದ ಹಸಿರು ಬೆಳಕು ಬಂದು ಜುಂಯ್ ಎಂದು ಸದ್ದಾಗುತ್ತಿತ್ತು. ನಾಟಕದ ಲೆಕ್ಕದಲ್ಲಿ ಆ ಕಿರಣ ತಾಗಿದವನು ನಿಂತಲ್ಲೇ ನಿದ್ದೆ ಹೋಗಬೇಕು. ಇಷ್ಟು ವರ್ಷ ತರಗತಿಯಲ್ಲಿ ಈ ಕೆಲಸವನ್ನು ನಾನು ಯಾವ ಆಯುಧವೂ ಇಲ್ಲದೆ ಮಾಡುತ್ತ ಬಂದಿದ್ದೇನೆ ಎಂದು ಜಗದೇವಿ ನೆನಪಿಸಿದಳು. ಆದರೂ ನಾನು ಕನ್ನಡಿಯ ಮುಂದೆ ನಿಂತು ಡಬ್ಬಿಯನ್ನು ಜೇಬಿನಿಂದ ತೆಗೆದು, ಮಡಚಿ, ಗುರಿ ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಅವಳೂ ಬಾಗಿಲಲ್ಲಿ ನಿಂತು ನೋಡಿದಳು. ಮದುವೆಯಾದಾಗಿನಿಂದ ನಾನು ಕೈಯಾರೆ ಮಾಡಿದ ವಸ್ತುಗಳಲ್ಲಿ ಇದೊಂದೇ ಸರಿಯಾಗಿ ಕೆಲಸ ಮಾಡಿತ್ತು.

ನಾಟಕದ ದಿನ ಮಧ್ಯಾಹ್ನ ಹುಮನಾಬಾದಿನ ಬಸ್ಸು ಹತ್ತಿದೆ. ಅವು ಚುನಾವಣೆಯ ದಿನಗಳು. ದಾರಿಯಲ್ಲಿ ಬಸ್ಸು ನಿಲ್ಲಿಸಿ ಚೀಲಗಳನ್ನು ತಪಾಸಣೆ ಮಾಡುತ್ತಿದ್ದರು. ನನ್ನ ಪಕ್ಕದಲ್ಲಿ ಮನ್ನಾಏಖೇಳ್ಳಿಗೆ ಹೊರಟ ಮುದುಕಿಯೊಬ್ಬಳು ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹವಾಲ್ದಾರರೊಬ್ಬರು ಹತ್ತಿ ಅವಳ ಗಂಟು ಮುಟ್ಟಿ ನೋಡಿ, ನನ್ನ ಕೈಚೀಲ ನೋಡಿ, ಮುಂದೆ ಹೋಗಿಯೇಬಿಟ್ಟಿದ್ದರು. ಆದರೆ ಚಾಲೂ ಇದ್ದ ಇಂಜಿನ್ನಿನ ಕುಲುಕಾಟಕ್ಕೋ ನನ್ನ ಎದೆಬಡಿತಕ್ಕೋ, ಜೇಬಿನ ಡಬ್ಬಿ ತಾನಾಗಿ ಜುಂಯ್ ಎಂದಿತು. ತೆಳ್ಳನೆಯ ಅಂಗಿಯೊಳಗಿಂದ ಹಸಿರು ಬೆಳಕು ಮಿನುಗಿತು.

ಹವಾಲ್ದಾರರು ತಿರುಗಿ ಬಂದರು. "ಸರ್, ಏನ್ರಿ ಅದು ಎದಿಯಾಗ?"

ಆಟಿಕೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತಾನು ಕಷ್ಟಪಟ್ಟು ಮಾಡಿದ್ದನ್ನು ಆಟಿಕೆ ಎಂದು ಕರೆಯಲು ಯಾರ ನಾಲಿಗೆ ಹೊರಳುತ್ತದೆ? "ಇದು ಗುಪ್ತಚರರ ಆಯುಧರಿ. ಯಾರಿಗೂ ಗೊತ್ತಾಗದಂಗ ಇಟ್ಕೋಬೇಕಂತ ಮಾಡಿದ್ದು" ಎಂದುಬಿಟ್ಟೆ.

"ಯಾವ ದೇಶದ ಗುಪ್ತಚರರು?"

"ದೇಶ ಅಲ್ರಿ, ಗ್ರಹ."

ಹವಾಲ್ದಾರರು ನನ್ನನ್ನು ಕೆಳಗಿಳಿಸಿದರು. ಅವರ ತಪ್ಪೇನೂ ಇಲ್ಲ. ನಾನು ಅವರ ಜಾಗದಲ್ಲಿದ್ದರೂ ಇಳಿಸುತ್ತಿದ್ದೆ. ಮುದುಕಿ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಾಸ್ತರ ಮಂದಿ ಕಾಣ್ತಾರ ಯಪ್ಪಾ, ಅವರ ಮುಖದಾಗೇ ಗೊತ್ತಾಗ್ತದ. ಬಿಡ್ರಿ" ಎಂದಳು. ಬಸ್ಸು ಹೊರಡುವಾಗ ನಾನು ಮರೆತ ಕೈಚೀಲವನ್ನು ಅವಳೇ ಕಿಟಕಿಯಿಂದ ಚಾಚಿ ಕೊಟ್ಟಳು.

ರಸ್ತೆ ಬದಿಯ ಶಾಮಿಯಾನದ ಕೆಳಗೆ ನನ್ನನ್ನು ಕೂರಿಸಿದರು. ಸೊಳ್ಳೆ ಬ್ಯಾಟು, ನಾಟಕ, ಬೇರೆ ಗ್ರಹ, ಎಲ್ಲವನ್ನೂ ಬಿಡಿಸಿ ಹೇಳಿದೆ. ಬಿಡಿಸಿ ಹೇಳಿದಷ್ಟೂ ಅದು ಸುಳ್ಳಿನಂತೆ ಕೇಳಿಸುತ್ತಿತ್ತು. "ನಿಮ್ಮನ್ನ ಬಲ್ಲವರು ಯಾರಾದ್ರೂ ಹುಮನಾಬಾದಿನಾಗ ಅದಾರೇನ್ರಿ? ಒಂದು ಮಾತು ಹೇಳಿಸ್ರಿ, ಕಳಿಸ್ತೀವಿ" ಎಂದರು ಹವಾಲ್ದಾರರು. ನಾನು ಧೈರ್ಯದಿಂದ ಶಿವರಾಜನ ನಂಬರು ಒತ್ತಿ ಫೋನು ಕೊಟ್ಟೆ. ಅವರು ಸ್ಪೀಕರ್ ಹಾಕಿ, ತಾವು ಯಾರೆಂದು ಹೇಳಿ, ನನ್ನ ಹೆಸರು ಹೇಳಿ, ಜೇಬಿನಲ್ಲಿ ಸಿಕ್ಕಿದ್ದನ್ನೂ ಹೇಳಿದರು.

ಆ ಕಡೆ ತಬಲಾದ ಸದ್ದು ಕೇಳಿಸುತ್ತಿತ್ತು. ಶಿವರಾಜ, ಮುಖ್ಯ ಅತಿಥಿಗಳೊಂದಿಗೆ ಮಾತಾಡುವ ದನಿಯಲ್ಲಿ, "ಹೆಸರು ಕೇಳಿದಂಗದ್ರಿ ಸಾಹೇಬ್ರ. ನಮ್ಮ ಕಾರ್ಯಕ್ರಮಕ್ಕ ಭಾಳ ಮಂದಿ ಬರ್ತಾರ, ಎಲ್ಲಾರದೂ ನಮಗ ಹ್ಯಾಂಗ ಗೊತ್ತಿರ್ತದ? ಆ ಸಾಮಾನಿಗೂ ನಮಗೂ ಏನೂ ಸಂಬಂಧಿಲ್ಲ ನೋಡ್ರಿ" ಎಂದ.

ಹವಾಲ್ದಾರರು ಫೋನನ್ನು ನನ್ನ ಕೈಗೆ ಕೊಟ್ಟರು. ಅಲ್ಲಿಯವರೆಗೆ ಅನುಮಾನದಿಂದ ನೋಡುತ್ತಿದ್ದವರು ಈಗ ಬೇರೆ ಥರ ನೋಡಿದರು. "ಚಹಾ ಕುಡೀರಿ ಸರ್" ಎಂದು ಕಪ್ಪು ಮುಂದೆ ಸರಿಸಿದರು. ಹೆಸರು ಕೇಳಿದಂಗದ. ಶಿವರಾಜನಿಗೆ ಟೈಫಾಯಿಡ್ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವನ ಹೆಸರು, ಇವನಿಗೆ ಕೇಳಿದಂಗದ. ಆ ಚಹಾದಲ್ಲಿ ಸಕ್ಕರೆ ಬೇಕಾದಷ್ಟಿತ್ತು. ನನಗೆ ಕಹಿಯೇ ಹತ್ತಿತು.

ಸಂಜೆಯ ಹೊತ್ತಿಗೆ ಅಧಿಕಾರಿಯೊಬ್ಬರು ಬಂದು ಡಬ್ಬಿಯನ್ನು ಸ್ಕ್ರೂ ಡ್ರೈವರಿನಿಂದ ಬಿಚ್ಚಿ ನೋಡಿ, ತಡೆಯಲಾರದೆ ನಕ್ಕು, ಬಿಡಿ ಸಾಮಾನನ್ನು ಪೇಪರಿನಲ್ಲಿ ಸುತ್ತಿ ನನಗೇ ಕೊಟ್ಟು ಕಳಿಸಿದರು. ಟೆಂಪೋ ಹಿಡಿದು ಹುಮನಾಬಾದಿಗೆ ಮುಟ್ಟಿದಾಗ ನಾಟಕದ ಕೊನೆಯ ದೃಶ್ಯ ನಡೆದಿತ್ತು. ಗೇಟಿನ ಹತ್ತಿರವೇ ನಿಂತು ನೋಡಿದೆ. ನನ್ನ ಗುಪ್ತಚರನ ಕೈಯಲ್ಲಿ ಹೋಳಿ ಹಬ್ಬದ ಕೆಂಪು ಪ್ಲಾಸ್ಟಿಕ್ ಪಿಚಕಾರಿ ಇತ್ತು. ಅವನು ಅದನ್ನು ಎತ್ತಿದ ಕೂಡಲೇ ಮುಂದಿನ ಸಾಲಿನವರು ಬಿದ್ದು ಬಿದ್ದು ನಕ್ಕರು. ಚಪ್ಪಾಳೆ ನಿಲ್ಲಲೇ ಇಲ್ಲ. ಶಿವರಾಜನಿಗೆ ಶಾಲು ಹೊದಿಸಿದರು. ನಾನು ಒಳಗೆ ಹೋಗದೆ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಜಗದೇವಿ ನನಗಿಂತ ಹೆಚ್ಚು ಕುದ್ದಳು. "ಬರಲಿ ಅಂವ. ಬಾಗಲದಾಗ ನಿಂದರಿಸಿ ಕೇಳ್ರಿ. ನಿಮಗ ಆಗಂಗಿಲ್ಲಂದ್ರ ನಾ ಕೇಳ್ತೀನಿ" ಎಂದಳು. ನಾನೇ ಕೇಳುತ್ತೇನೆಂದೆ. ಕೇಳಬೇಕಾದ ಮಾತುಗಳನ್ನು ದಿನವೂ ಸ್ನಾನ ಮಾಡುವಾಗ ಜೋಡಿಸಿಕೊಂಡೆ. ನಾನು ಬರೆದ ಯಾವ ನಾಟಕದಲ್ಲೂ ಅಷ್ಟು ಮೊನಚಾದ ಮಾತುಗಳಿರಲಿಲ್ಲ.

ರವಿವಾರ ಶಿವರಾಜ ಬಂದ. ಏನೂ ಆಗಿಲ್ಲವೆಂಬಂತೆ ಚಪ್ಪಲಿ ಬಿಟ್ಟು, "ವೈನಿ, ಹಸಿವಾಗ್ಯಾದ ನೋಡ್ರಿ" ಎಂದು ಒಳಗೇ ಬಂದು ಕೂತ. ಜಗದೇವಿ ತಾಟು ಇಟ್ಟ ಸದ್ದಿಗೆ ಪಕ್ಕದ ಮನೆಯವರು ಇಣುಕಿದರು. ನಾನು ಗಂಟಲು ಸರಿಮಾಡಿಕೊಂಡೆ. ಅವನೇ ರೊಟ್ಟಿ ಮುರಿಯುತ್ತ ಮಾತು ತೆಗೆದ: "ಫೋನಿನಾಗ ಹಂಗ ಅಂದೆ ಅಂತ ಸಿಟ್ಟದೇನ? ಪೊಲೀಸ್ ಅಂದ ಕೂಡ್ಲೇ ಎದಿ ಧಸಕ್ಕಂತು. ಮುಂದಿನ ತಿಂಗಳು ನನ್ನ ಪ್ರಮೋಷನ್ ಅದ. ನೀ ನನ್ನ ಜಾಗಾದಾಗ ಇದ್ರ ಏನ್ ಮಾಡ್ತಿದ್ದಿ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಓಡಿ ಬರುತ್ತಿದ್ದೆ, ಎನ್ನಬೇಕಾಗಿತ್ತು. ಅವನು ತಲೆ ತಗ್ಗಿಸಿ ಪುಂಡಿಪಲ್ಯೆ ಕಲಸುತ್ತಿದ್ದ. ನೆತ್ತಿಯ ಕೂದಲು ಪೂರ್ತಿ ಹೋಗಿತ್ತು. ಅದೇಕೋ ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು: "ಅದಿರಲಿ. ಆ ಗುಪ್ತಚರ ಸಂತಿಯಾಗ ಬದನೆಕಾಯಿ ಚೌಕಾಸಿ ಮಾಡೋ ಸೀನು ಹ್ಯಾಂಗಾತು? ಮಂದಿ ನಕ್ರೇನು?"

"ಅದಾ? ಅದನ್ನ ತಗದ್ವಿ. ಉದ್ದಾಗಿತ್ತು."

ಆಗ ನನಗೆ ನಿಜವಾದ ಸಿಟ್ಟು ಬಂತು. ಎದ್ದು ನಿಂತೆ. "ನೀ ಮನಷ್ಯಾ ಏನು? ನಾಚಿಕಿ ಆಗಂಗಿಲ್ಲೇನು? ಇಷ್ಟು ವರ್ಷದ ಗೆಳೆತನಕ್ಕ ಇದಾ ಬೆಲೆ?" ಎಂದೆ. ಸ್ನಾನದ ಮನೆಯಲ್ಲಿ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಒಂದೂ ಬಿಡದೆ ಹೊರಬಂದವು. ಶಿವರಾಜ ಅರ್ಧ ರೊಟ್ಟಿ ಬಿಟ್ಟು, ಕೈ ತೊಳೆದು, ಚಪ್ಪಲಿ ಮೆಟ್ಟಿ ಹೋದ. ಮತ್ತೆ ಬಂದಿಲ್ಲ.

ಜಗದೇವಿ ಅಡುಗೆಮನೆಯಿಂದ ಹೊರಗೆ ಬಂದು ನನ್ನನ್ನೇ ನೋಡುತ್ತ ನಿಂತಳು. ಒಗ್ಗರಣೆಯ ಸದ್ದಿನಲ್ಲಿ ಅವಳಿಗೆ ಬದನೆಕಾಯಿಯ ಮಾತು ಕೇಳಿಸಿರಲಿಲ್ಲ. "ಪೊಲೀಸರ ಮುಂದ ಕೈ ಬಿಟ್ಟವನಿಗಿ ಬರೋಬ್ಬರಿ ಕೇಳಿದ್ರಿ ನೋಡ್ರಿ" ಎಂದು, ಎಂದೂ ಇಲ್ಲದ ಗೌರವದಿಂದ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿ ಮೇಲೆ ಬೆಣ್ಣೆ ಇಟ್ಟಳು. ನಾನು ಬೆಣ್ಣೆ ಸವರಿಕೊಂಡು ತಿಂದೆ.