ದುಃಖತಪ್ತರನ್ನು ಸಾಲಾಗಿ ನಿಲ್ಲಿಸಿದ್ದು

ತಾತನ ವರ್ಷದ ಕಾರ್ಯಕ್ಕೆ ಈ ಸಲ ಕಾರ್ಡು ಹೊಡೆಸುವುದು ಬೇಡ, ನಾನೇ ಒಂದು ವೆಬ್ ಪುಟ ಮಾಡುತ್ತೇನೆ ಎಂದು ನಡುಮನೆಯಲ್ಲಿ ನಿಂತು ಘೋಷಿಸಿದ ದಿನ ನನ್ನ ತಲೆ ಸೂರಿಗೆ ತಾಗುವಷ್ಟು ಎತ್ತರದಲ್ಲಿತ್ತು. ನಾನೇನು ಸಾಮಾನ್ಯಳೇ! ಶಿರಾದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಅತಿಥಿ ಉಪನ್ಯಾಸಕಿ. ಮಕ್ಕಳು ಬರೆದ ಕೋಡಿನಲ್ಲಿ ಸಾಲುಗಳು ಸರಿಯಾದಷ್ಟು ಒಳಗೆ ಸರಿದು ನಿಲ್ಲದಿದ್ದರೆ ಮುಲಾಜಿಲ್ಲದೆ ಎರಡು ಅಂಕ ಕಿತ್ತುಕೊಳ್ಳುವವಳು. 'ಯಾವ ಸಾಲು ಯಾವುದರ ಒಳಗಿದೆ ಅನ್ನೋದು ನೋಡಿದ ಕೂಡಲೇ ತಿಳಿಯಬೇಕು' ಎಂದು ಸೀಮೆಸುಣ್ಣ ಮುರಿಯುವಂತೆ ಬೋರ್ಡಿನ ಮೇಲೆ ಬರೆಯುವವಳು. ಇಂಥವಳಿಗೆ ಒಂದು ಕುಟುಂಬದ ಹೆಸರುಗಳನ್ನು ಸಾಲಾಗಿ ನಿಲ್ಲಿಸುವುದು ಯಾವ ಮಹಾ ಕೆಲಸ!

ತಾತ ಕದಿರಯ್ಯನಿಗೆ ಮೂವರು ಗಂಡುಮಕ್ಕಳು. ಮಧುಗಿರಿಯಲ್ಲಿರುವ ನಿವೃತ್ತ ಹೆಡ್‌ಮಾಸ್ಟರು, ದೊಡ್ಡಪ್ಪ ರಂಗರಾಜು. ಗೌಡಗೆರೆಯಲ್ಲಿ ಹೊಲ, ಮನೆ, ಅಜ್ಜಿ ಮೂರನ್ನೂ ನೋಡಿಕೊಂಡಿರುವ ಅಪ್ಪ ಲಕ್ಷ್ಮೀಪತಿ. ಪಾವಗಡದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ಚಿಕ್ಕಪ್ಪ ಜಯಕುಮಾರ್. ಹೋದ ವರ್ಷ ತಾತನ ತಿಥಿ ಕಾರ್ಡಿನಲ್ಲಿ 'ದುಃಖತಪ್ತರು' ಎಂಬ ಪದದ ಕೆಳಗೆ ಪ್ರೆಸ್ಸಿನವನು ದೊಡ್ಡಪ್ಪನ ಹೆಸರನ್ನು ಅಂಗಡಿ ಬೋರ್ಡಿನಂತೆ ದಪ್ಪಗೆ ಹೊಡೆದಿದ್ದ. ಅವರ ಪದವಿಗಳು ಮುಗಿಯುವಷ್ಟರಲ್ಲಿ ಕಾರ್ಡೇ ಮುಗಿಯುತ್ತ ಬಂದಿತ್ತು. ಚಿಕ್ಕಪ್ಪನ ಹೆಸರು ಕಟ್ಟಕಡೆಗೆ, ಪ್ರೆಸ್ಸಿನ ಫೋನ್ ನಂಬರಿನ ಪಕ್ಕದಲ್ಲಿ, ರಾಗಿಕಾಳಿನ ಗಾತ್ರದಲ್ಲಿ ಬಿತ್ತು.

"ನಾನು ನಮ್ಮಪ್ಪನ ಮಗನಾ, ಪ್ರೆಸ್ಸಿನವನ ಏಜೆಂಟಾ?" ಎಂದು ಕೇಳಿ, ಬಡಿಸಿದ ಎಲೆಯ ಮುಂದಿನಿಂದ ಎದ್ದುಹೋದ ಚಿಕ್ಕಪ್ಪ ಅಣ್ಣನ ಜೊತೆ ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು.

ತಾತ ಹೋದ ಮೇಲೆ ಅಜ್ಜಿ ಓಬಳಮ್ಮ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಜಗುಲಿಯ ಮೇಲೆ ಬಿಸಿಲು ಬಂದರೆ ಬಿಸಿಲಿನಲ್ಲಿ, ನೆರಳು ಬಂದರೆ ನೆರಳಿನಲ್ಲಿ ಕೂತಿರುತ್ತಿದ್ದಳು. ಅಂಥವಳು ಒಂದು ದಿನ ನನ್ನ ಕೈ ಹಿಡಿದು ಹೇಳಿದಳು.

"ವರ್ಷದ ಕಾರ್ಯದಾಗಾದ್ರೂ ಅವರಿಬ್ರೂ ಒಟ್ಟಿಗೆ ನಿಂತು ನಿಮ್ಮ ತಾತಂಗೆ ಎಡೆ ಇಡಬೇಕು ಕಣಮ್ಮ. ಅದೊಂದ್ ನೋಡ್ಬುಟ್ರೆ ಸಾಕು."

ನನ್ನ ಘೋಷಣೆ ಹೊರಟಿದ್ದು ಆಗಲೇ.

"ಅಜ್ಜಿ, ಕಾರ್ಡಲ್ಲಿ ಜಾಗ ಸಾಲಲ್ಲ. ಕಂಪ್ಯೂಟರಲ್ಲಿ ಎಷ್ಟು ಬೇಕಾದ್ರೂ ಜಾಗ. ಮೂವರೂ ಪಕ್ಕಪಕ್ಕ, ಒಂದೇ ಸಾಲು, ಒಂದೇ ಅಳತೆ. ಮೇಲೂ ಇಲ್ಲ, ಕೆಳಗೂ ಇಲ್ಲ!"

"ನಿಮ್ಮ ತಾತನೂ ಇಂಗೇ ಮೂವರಿಗೂ ಒಂದೇ ಅಳತೆ ಚಡ್ಡಿ ಹೊಲಿಸ್ತಿದ್ದ," ಎಂದಳು ಅಜ್ಜಿ. "ಒಬ್ಬನಿಗೂ ಆಗ್ತಿರಲಿಲ್ಲ."

"ಒಗೆದ ಬಟ್ಟೆ ಸಾಲಾಗಿ ಮಡಚಿಡಕ್ಕೆ ಬರಲ್ಲ, ಇವಳು ಇವರಪ್ಪನ ಅಣ್ಣ ತಮ್ಮಂದಿರನ್ನ ಸಾಲಾಗಿ ನಿಲ್ಲಿಸ್ತಾಳಂತೆ," ಎಂದು ಅಮ್ಮ ಒಳಗಿನಿಂದಲೇ ಆಶೀರ್ವಾದ ಮಾಡಿದಳು.

ಕಾರ್ಯ ಭಾನುವಾರ. ಮಂಗಳವಾರದ ಹೊತ್ತಿಗೆ ಪುಟ ಸಿದ್ಧವಾಯಿತು. ಮೇಲೆ ತಾತನ ಫೋಟೋ, ಕೆಳಗೆ ಕಪ್ಪು ಗೆರೆಯ ಮೂರು ಪೆಟ್ಟಿಗೆ. ಒಂದೊಂದರಲ್ಲಿ ಒಬ್ಬೊಬ್ಬ ಮಗ, ಹೆಂಡತಿ, ಮಕ್ಕಳು. ನನ್ನ ಲ್ಯಾಪ್‌ಟಾಪಿನಲ್ಲಿ ಅವು ಎಳೆಬಿಸಿಲಿಗೆ ಗೋಡೆಗೊರಗಿ ಕೂತ ಮೂವರ ಹಾಗೆ ಕಾಣುತ್ತಿದ್ದವು. ಸ್ವಲ್ಪ ಹೊತ್ತು ನೋಡಿದೆ, ಕಣ್ಣು ತೇವವಾಯಿತು, ಕುಟುಂಬದ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದೆ.

ಹತ್ತು ನಿಮಿಷಕ್ಕೆ ಪಾವಗಡದಿಂದ ಫೋನು, ಅಲ್ಲಿನ ತೆಲುಗು ಬೆರೆತ ಕನ್ನಡದಲ್ಲಿ ಚಿಕ್ಕಪ್ಪ.

"ಏಂ ರಕ್ಷಾ! ನೋಡ್ದೆ. ಇನ್ನೂ ನೋಡ್ತಾನೇ ಇದ್ದೀನಿ. ಎಳೆದೂ ಎಳೆದೂ ಹೆಬ್ಬೆಟ್ಟು ಸವೆದೋಯ್ತು. ಮೇಲೆ ದೊಡ್ಡಸಾರು, ಅವರ ಹೆಂಡ್ತಿ, ಮಕ್ಕಳು, ಮೊಮ್ಮಕ್ಕಳು. ಆಮೇಲೆ ನಿಮ್ಮಪ್ಪ. ನಾನು ಎಲ್ಲೋ ಪಾತಾಳದಾಗಿದ್ದೀನಿ. ಹೋದ ವರ್ಷ ಕಾರ್ಡಾದ್ರೂ ಒಂದೇ ಹಾಳೇಲಿ ಮುಗಿದಿತ್ತು ಕದಮ್ಮಾ!"

ಲ್ಯಾಪ್‌ಟಾಪಿನ ಅಗಲದಲ್ಲಿ ಪಕ್ಕಪಕ್ಕ ನಿಲ್ಲುವ ಪೆಟ್ಟಿಗೆಗಳು ಫೋನಿನ ಕಿರಿದಾದ ಪರದೆಯಲ್ಲಿ ಒಂದರ ಕೆಳಗೊಂದು ಬೀಳುತ್ತವೆ. ಇದು ನಾನು ಮಕ್ಕಳಿಗೆ ಮೊದಲನೇ ವಾರ ಹೇಳುವ ಪಾಠ. ಸಂಸಾರಗಳೆಲ್ಲ ಫೋನಿನಲ್ಲೇ ನಡೆಯುವ ಕಾಲದಲ್ಲಿ ನಾನು ಫೋನಿನಲ್ಲಿ ನೋಡಿಯೇ ಇರಲಿಲ್ಲ.

"ಬೇಕು ಅಂತ ಮಾಡಿದ್ದಲ್ಲ ಚಿಕ್ಕಪ್ಪಾ, ಫೋನಿನ ಅಗಲ ಸಾಲದೆ ಹಂಗಾಗಿದೆ."

"ಅಗಲ ಸಾಲದಾಗೆಲ್ಲ ಕೆಳಗಿಳಿಯೋನು ನಾನೇನಾ?"

ಫೋನಿಟ್ಟ ಮೇಲೆ ನೋಡಿದರೆ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಬರ್ತಾನಂತಾ?"

"ಬರ್ತಾನೆ ಅಜ್ಜಿ. ಸ್ವಲ್ಪ ಮೇಲಕ್ಕೆತ್ತಬೇಕು, ಅಷ್ಟೆ."

ಬುಧವಾರ ಕಾಲೇಜಿನ ಲ್ಯಾಬಿನಲ್ಲಿ ಕೂತು, ಫೋನಿನಲ್ಲೂ ಪಕ್ಕಪಕ್ಕವೇ ನಿಲ್ಲಬೇಕು ಎಂದು ಪೆಟ್ಟಿಗೆಗಳಿಗೆ ಅಪ್ಪಣೆ ಕೊಟ್ಟೆ. ಅವು ನಿಂತವು, ಆದರೆ ಸೊರಗಿ ಕಡ್ಡಿಯಾದವು. ದೊಡ್ಡಪ್ಪನ 'ನಿವೃತ್ತ ಮುಖ್ಯ ಶಿಕ್ಷಕರು' ಎಂಬುದು ಸಾಲಿಗೊಂದು ಅಕ್ಷರದಂತೆ, ಬಾವಿಗೆ ಬಿಟ್ಟ ಹಗ್ಗದ ಹಾಗೆ ಕೆಳಗಿಳಿಯಿತು. ಅಂಚು ಕತ್ತರಿಸಿದೆ, ಅಕ್ಷರ ಕುಗ್ಗಿಸಿದೆ, ಅಲ್ಲಿ ಮುಚ್ಚಿದೆ, ಇಲ್ಲಿ ಬಿಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪನೂ ಚಿಕ್ಕಪ್ಪನೂ ಫೋನಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತರು. ಆಹಾ! ಎರಡು ದೇಶಗಳ ನಡುವೆ ಸಂಧಾನ ಮಾಡಿಸಿದವರಿಗೂ ಇಷ್ಟು ಹೆಮ್ಮೆ ಆಗಿರಲಾರದು.

ಅಷ್ಟರಲ್ಲಿ ದೊಡ್ಡಪ್ಪನ ಸಂದೇಶ ಬಂತು: 'ಬಿ.ಎಡ್. ಮುಂದೆ ಎಂ.ಎ. ಬಿಟ್ಟುಹೋಗಿದೆ. ಸರಿಪಡಿಸುವುದು.' ಬೆಲ್ ಹೊಡೆಯುತ್ತಿತ್ತು. ನಿಂತ ನಿಲುವಿನಲ್ಲೇ ಎಂ.ಎ. ಸೇರಿಸಿ, ಪುಟವನ್ನು ಮತ್ತೆ ಇಂಟರ್‌ನೆಟ್ಟಿಗೆ ಏರಿಸಿ ಕ್ಲಾಸಿಗೆ ಓಡಿದೆ.

ಕ್ಲಾಸಿನಿಂದ ಹೊರಬರುವಾಗ ಮಧುಗಿರಿಯಿಂದ ಫೋನು. ದೊಡ್ಡಪ್ಪ ಎಂದೂ ಕೂಗುವವರಲ್ಲ. ಪ್ರಶ್ನೆಪತ್ರಿಕೆ ಓದುವಂತೆ ಮಾತಾಡುತ್ತಾರೆ.

"ರಕ್ಷಾ, ನನಗೆ ಮಕ್ಕಳೆಷ್ಟು?"

"ಇಬ್ಬರು ದೊಡ್ಡಪ್ಪಾ."

"ಹಾಗಾದರೆ ಮೂರನೆಯವನು ಜಯಕುಮಾರ್ ಯಾವಾಗ ಹುಟ್ಟಿದ?"

ತೆರೆದು ನೋಡಿದೆ. ದೊಡ್ಡಪ್ಪನ ಪೆಟ್ಟಿಗೆಯ ಒಳಗೆ, ಅವರ ಮಗ ಮಗಳ ಕೆಳಗೆ, ಒಂದು ಮೆಟ್ಟಿಲು ಒಳಸರಿದು ಚಿಕ್ಕಪ್ಪ ನಿಂತಿದ್ದ. ಅವನ ಹೆಂಡತಿ ಮಕ್ಕಳು ಇನ್ನೂ ಒಂದು ಮೆಟ್ಟಿಲು ಒಳಗೆ. ಎಂ.ಎ. ಸೇರಿಸುವ ಅವಸರದಲ್ಲಿ ದೊಡ್ಡಪ್ಪನ ಪೆಟ್ಟಿಗೆಯನ್ನು ಮುಚ್ಚುವ ಸಾಲನ್ನೇ ಅಳಿಸಿಬಿಟ್ಟಿದ್ದೆ. ಬಾಗಿಲು ಹಾಕದ ಮನೆಗೆ ಪಕ್ಕದವರು ನುಗ್ಗಿದ ಹಾಗೆ ಚಿಕ್ಕಪ್ಪ ಸಂಸಾರ ಸಮೇತ ಅಣ್ಣನ ಮನೆ ಹೊಕ್ಕಿದ್ದ!

ಪಾವಗಡದಿಂದ ಈ ಸಲ ಫೋನು ಬರಲಿಲ್ಲ. ಒಂದು ಸ್ಕ್ರೀನ್‌ಶಾಟ್ ಬಂತು, ಅದರಲ್ಲಿ ಅವನ ಹೆಸರಿನ ಸುತ್ತ ಒಂದು ಕೆಂಪು ಸೊನ್ನೆ. ಜೊತೆಗೆ ಎಂಟು ಸೆಕೆಂಡಿನ ದನಿ: "ಅಂದ್ರೆ ಈಗ ನಾನು ಅವನಿಗೆ ಹುಟ್ಟಿದ ಮಗನಾ? ಭಾನುವಾರ ನನ್ನ ಕಾಯಬೇಡ್ರಿ."

ಅಳಿಸಿದ ಒಂದು ಸಾಲನ್ನು ಮತ್ತೆ ಬರೆದರಾಯಿತು. ಆದರೆ ಎಲ್ಲಿ? ನಾನು ಬರೆದ ನಾನೂರು ಸಾಲಿನ ಕೋಡನ್ನು ತೆರೆದರೆ ಒಂದು ಸಾಲಾದರೂ ಒಳಸರಿದಿಲ್ಲ. ಎಲ್ಲವೂ ಎಡಗೋಡೆಗೆ ಅಂಟಿಕೊಂಡಿವೆ, ಯಾವ ಪೆಟ್ಟಿಗೆ ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂದು ಬ್ರಹ್ಮನಿಗೂ ತಿಳಿಯದು. ಮಕ್ಕಳು ಹೀಗೆ ಬರೆದು ತಂದಿದ್ದರೆ ನಾನು ಎರಡಲ್ಲ, ಇದ್ದಬದ್ದ ಅಂಕವನ್ನೆಲ್ಲ ಕಿತ್ತುಕೊಳ್ಳುತ್ತಿದ್ದೆ. ಗುರುವಾರವಿಡೀ ಒಂದೊಂದೇ ಸಾಲನ್ನು ಕೈಹಿಡಿದು ಒಳಗೆ ಸರಿಸುತ್ತ ಕೂತೆ.

"ಏನಾಯ್ತಮ್ಮ, ಒಂದಾದ್ರಾ?" ಅಜ್ಜಿ ಮತ್ತೆ ಬಂದಳು.

"ಆಗವ್ರೆ ಅಜ್ಜಿ. ಒಬ್ರೊಳಗೊಬ್ರು ಹೋಗ್ಬುಟ್ಟವ್ರೆ. ಈಗ ಬಿಡಿಸ್ತಾ ಇದ್ದೀನಿ."

ಅಜ್ಜಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಜಗುಲಿಗೆ ವಾಪಸು ಹೋದಳು. ಆ ನಡಿಗೆ ನೋಡಿ ನನಗೆ ಮೊದಲ ಸಲ ನಿಜವಾಗಿ ಭಯವಾಯಿತು. ಭಾನುವಾರ ಚಿಕ್ಕಪ್ಪ ಬರದಿದ್ದರೆ ಅವಳು ಇನ್ನು ಯಾವತ್ತೂ ಏನನ್ನೂ ಕೇಳುವುದಿಲ್ಲ.

ಶುಕ್ರವಾರ ಸರಿಯಾದ ಪುಟ ಕಳಿಸಿ ಉಸಿರು ಹಿಡಿದು ಕೂತೆ. ಸಂಜೆ ಫೋನು ಬಂತು. ಎತ್ತಿದರೆ ದೊಡ್ಡಪ್ಪ, ಅದೇ ಕರೆಯಲ್ಲಿ ಚಿಕ್ಕಪ್ಪನೂ! ನನ್ನ ತಪ್ಪಿಗೆ ತಮ್ಮನ ಕುಮ್ಮಕ್ಕು ಇದೆಯೇ ಎಂದು ವಿಚಾರಿಸಲು ದೊಡ್ಡಪ್ಪನೇ ಅವನಿಗೆ ಫೋನು ಮಾಡಿದ್ದರಂತೆ. ವಿಚಾರಣೆ ಮುಗಿದು, ಇಬ್ಬರೂ ನಿರಪರಾಧಿಗಳೆಂದೂ, ಅಪರಾಧಿ ನಾನೊಬ್ಬಳೇ ಎಂದೂ ತೀರ್ಮಾನವಾಗಿತ್ತು.

"ಕಾಲೇಜಿನಲ್ಲಿ ಈ ಹುಡುಗಿ ಏನು ಪಾಠ ಹೇಳುತ್ತಾಳೋ, ಜಯಾ."

"ಅದೇ ಅಣ್ಣಾ, ನನ್ನಂಗಡೀಲಿ ಇಂಗೆ ವೈರು ಸುತ್ತಿದ್ರೆ ಊರೇ ಉರಿದೋಗ್ತಿತ್ತು."

ವರ್ಷದ ಮೇಲೆ ಅವನ ಬಾಯಲ್ಲಿ 'ಅಣ್ಣಾ' ಎಂಬ ಮಾತು. ನಾನು ಸ್ಪೀಕರ್ ಹಾಕಿ ಫೋನನ್ನು ಅಜ್ಜಿಯ ಕಿವಿಯ ಹತ್ತಿರ ಹಿಡಿದೆ. ಅರ್ಧ ಗಂಟೆ ಇಬ್ಬರೂ ಸೇರಿ ನನ್ನನ್ನು ಬೈದರು. ಅಜ್ಜಿ ಕಣ್ಣು ಮುಚ್ಚಿ, ಹರಿಕಥೆ ಕೇಳುವವಳಂತೆ ಕೇಳಿದಳು.

ಭಾನುವಾರ ಹೊಲದಲ್ಲಿ, ತಾತನ ಸಮಾಧಿಯ ಮುಂದೆ, ಇಬ್ಬರೂ ಒಟ್ಟಿಗೆ ನಿಂತು ಎಡೆ ಇಟ್ಟರು. ಅಜ್ಜಿ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ನೋಡುತ್ತಿದ್ದಳು. ದೊಡ್ಡಪ್ಪ ನನ್ನ ಪುಟವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದು, ದೊಡ್ಡ ಫೋನಿಲ್ಲದವರೂ ನೋಡಲಿ ಎಂದು ನಮ್ಮ ಮನೆಯ ಗೋಡೆಗೆ ಅಂಟಿಸಿದ್ದರು. ಬಂದವರೆಲ್ಲ ಓದಿ ತಲೆದೂಗಿದರು. ನಾನು ಅದರ ಪಕ್ಕದಲ್ಲೇ ನಿಂತಿದ್ದೆ.

ಬೆಳಗಿನ ಜಾವದಿಂದ ಸೌದೆ, ನೀರು, ಎಲೆ ಎಂದು ಓಡಾಡುತ್ತಿದ್ದ ಅಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಅವನದು ಗುಂಡಿ ಒತ್ತುವ ಫೋನು. ಪುಟವನ್ನು ನೋಡುತ್ತಿದ್ದುದು ಅದೇ ಮೊದಲು.

"ಹೆಂಗಿದೆ ಅಪ್ಪಾ?" ಎಂದೆ, ಮೆಚ್ಚುಗೆಗೆ ಕಾಯುತ್ತ.

ಅಪ್ಪ ಬೆರಳಿಟ್ಟು ಓದಿದ. ಬೆರಳು ದೊಡ್ಡಪ್ಪನ ಸಂಸಾರವನ್ನು ದಾಟಿ ಚಿಕ್ಕಪ್ಪನ ಸಂಸಾರಕ್ಕೆ ಹೋಯಿತು. ಅಲ್ಲಿಂದ ಮೆಲ್ಲಗೆ ಹಿಂದಕ್ಕೆ ಬಂತು. ಮತ್ತೊಮ್ಮೆ ಹೋಯಿತು. ಆಗ ನೆನಪಾಯಿತು. ಬುಧವಾರ ಫೋನಿನ ಅಗಲಕ್ಕೆ ಮೂರು ಪೆಟ್ಟಿಗೆ ಹಿಡಿಸದೆ, ನಡುವಿನದನ್ನು, ಅಂದರೆ ಅಪ್ಪನದನ್ನು, 'ಸದ್ಯಕ್ಕೆ' ಎಂದು ಮರೆಮಾಡಿ ಮರೆತೇಬಿಟ್ಟಿದ್ದೆ. ಆಮೇಲೆ ದೊಡ್ಡಪ್ಪ ತಮ್ಮ ಹೆಸರು ನೋಡಿ ಚಿಕ್ಕಪ್ಪನ ಹೆಸರು ನೋಡಿದರು. ಚಿಕ್ಕಪ್ಪ ತನ್ನದು ನೋಡಿ ಅವರದು ನೋಡಿದ. ನಾನು ಆ ಎರಡನ್ನೇ ಅಳೆದು ಅಳೆದು ನೋಡಿದೆ. ನಡುವಿನವನೆಲ್ಲಿ ಎಂದು ನಾಲ್ಕು ದಿನದಲ್ಲಿ ಒಬ್ಬರೂ ಕೇಳಿರಲಿಲ್ಲ.

"ಚೆನ್ನಾಗೈತೆ ಕಣಮ್ಮ. ಸಾಲು ನೆಟ್ಟಗೆ ಬಂದೈತೆ," ಎಂದ ಅಪ್ಪ, ನೀರಿನ ಕೊಳಗವನ್ನು ಮತ್ತೆ ಹೆಗಲಿಗೇರಿಸಿಕೊಳ್ಳುತ್ತ. ಎರಡು ಹೆಜ್ಜೆ ಹೋದವನು ತಿರುಗಿ ನೋಡಿದ.

"ಊಟಕ್ಕೆ ನಂಗೂ ಹೇಳಿದ್ದೀಯಾ ತಾನೆ?"