ಕಪ್ಪೆಯ ಹೊಟ್ಟೆ ಮತ್ತು ಗೌರಮ್ಮನ ಮಕ್ಕಳು

ನನ್ನ ಬಾಯಿಯೇ ನನಗೆ ಶತ್ರು. ಕೆಲಸ ಅರ್ಧ ಆಗುವ ಮೊದಲೇ ಊರಿಗೆಲ್ಲ ಹೇಳಿಕೊಂಡು ಬರುವ ಚಟ ಚಿಕ್ಕಂದಿನಿಂದಲೂ ಇದೆ. ಮೈಸೂರಿನಲ್ಲಿದ್ದಾಗ ಇದರಿಂದ ಹಾನಿಯೇನೂ ಆಗಿರಲಿಲ್ಲ. ಅಲ್ಲಿ ಯಾರೂ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮಸ್ಕತ್ತಿನಲ್ಲಿ ಹಾಗಲ್ಲ. ಇಲ್ಲಿ ಶುಕ್ರವಾರ ಬೆಳಿಗ್ಗೆ ಕನ್ನಡದವರ ಭಜನೆ ಮುಗಿದು ಉಪ್ಪಿಟ್ಟಿನ ತಟ್ಟೆ ಕೈಗೆ ಬಂದರೆ, ಯಾರು ಏನು ಹೇಳಿದರೂ ಕೇಳುವವರಿದ್ದಾರೆ. ನನ್ನ ಮರ್ಯಾದೆಯೆಲ್ಲ ಈಗ ಒಂದು ಕಪ್ಪೆಯ ಹೊಟ್ಟೆಯಲ್ಲಿ ಕೂತಿರುವುದು ಹೀಗಾಗಿಯೇ.

ಗಲ್ಫ್ ಬಿಟ್ಟು ಕಾಯಂ ಆಗಿ ಊರಿಗೆ ಹೊರಟವರು ತಮ್ಮ ಸಾಮಾನನ್ನು ಉಳಿದವರಿಗೆ ಹಂಚಿ ಹೋಗುವುದು ಇಲ್ಲಿನ ಪದ್ಧತಿ. ಮಸ್ಕತ್ತಿನ ಬೌಷರ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹೀಗೆ ಬಂದ ಮೂರು ಇಸ್ತ್ರಿ ಮೇಜುಗಳಿವೆ. ಪಕ್ಕದ ಮನೆಯ ಉಡುಪಿಯ ದಿನೇಶ ಹೊರಟಾಗ ನಾನು ಅವನ ಮಿಕ್ಸಿಯ ಮೇಲೆ ಕಣ್ಣಿಟ್ಟಿದ್ದೆ. ಅದು ಮೂರನೇ ಮಹಡಿಯವರ ಪಾಲಾಯಿತು. ನಮಗೆ ಬಂದದ್ದು ಒಂದು ಗಾಜಿನ ತೊಟ್ಟಿ, ಅದರೊಳಗೆ ಅಂಗೈ ಅಗಲದ ಬಿಳಿ ನೀರುಗಪ್ಪೆ, ಜೊತೆಗೊಂದು ಬಕೆಟ್ ಗಪ್ಪಿ ಮೀನು.

"ಎಂತ ಕಷ್ಟ ಇಲ್ಲ ಮಾರಾಯ್ರೆ," ಎಂದ ದಿನೇಶ. "ಬಕೆಟಲ್ಲಿ ಮೀನು ಮರಿ ಹಾಕ್ತಾ ಇರ್ತದೆ. ನೀವು ದಿನಾ ಎರಡು ಮರಿ ತೆಗ್ದು ಕಪ್ಪೆಗೆ ಹಾಕಿ. ಖಲಾಸ್!"

ಮೊಟ್ಟೆ ಬೆರೆತ ಕೇಕನ್ನೇ ಒಳಗೆ ಬಿಡದ ಮನೆಯಲ್ಲಿ ಅಷ್ಟು ಸುಲಭವಾಗಿ ಖಲಾಸ್ ಆಗುತ್ತದೆಯೇ? ವಾಪಸು ಕೊಡೋಣವೆಂದರೆ ದಿನೇಶ ವಿಮಾನ ಹತ್ತಿಯಾಗಿತ್ತು. ಹತ್ತು ವರ್ಷದ ಮಗಳು ಅನ್ವಿ ಕಪ್ಪೆಗೆ ಬಬ್ಲು ಎಂದು ಹೆಸರಿಟ್ಟೂ ಆಗಿತ್ತು. ಬಾಲ್ಕನಿಯ ಬಿಸಿಲಿಗೆ ಮೀನು ಬೆಂದುಹೋದಾವೆಂದು ಬಕೆಟ್ಟನ್ನು ಬಚ್ಚಲಿಗೆ ತಂದೆ. ಅಲ್ಲಿ ಒಂದು ಮೀನಿನ ಉಬ್ಬಿದ ಹೊಟ್ಟೆ ನನ್ನ ಹೆಂಡತಿ ವಸುಧಾಳ ಕಣ್ಣಿಗೆ ಬಿತ್ತು. "ಅಯ್ಯೋ, ದಿನ ತುಂಬಿದೆ ಕಣ್ರೀ!" ಎಂದು ಕರಗಿಹೋದಳು. ಮೀನಿಗೆ ಗೌರಮ್ಮ ಎಂದು ಹೆಸರಾಯಿತು. ಬಕೆಟ್ಟಿನ ಹಿಡಿಗೆ ಹಸಿರು ಬಳೆ ಕಟ್ಟಿ, ಮೂರು ಬಗೆಯ ಚಿತ್ರಾನ್ನ ಮಾಡಿ ಸೀಮಂತವೂ ನಡೆಯಿತು. ಚಿತ್ರಾನ್ನ ತಿಂದವನು ನಾನು. ಎರಡೇ ದಿನಕ್ಕೆ ಗೌರಮ್ಮ ಹೆತ್ತಳು. ಅವಳ ಹಿಂದೆಯೇ ಬಕೆಟ್ಟಿನ ಉಳಿದ ತಾಯಂದಿರೂ ಹೆತ್ತರು. ಜೀರಿಗೆ ಕಾಳಿಗೆ ಕಣ್ಣು ಬರೆದ ಹಾಗೆ ಬಕೆಟ್ ತುಂಬ ಮರಿಗಳು. ಸೀಮಂತದ ಊಟ ಉಂಡವನು ಆ ಮಕ್ಕಳನ್ನು ಎತ್ತಿ ಕಪ್ಪೆಯ ಬಾಯಿಗೆ ಹಾಕುವುದು ಹೇಗೆ, ನೀವೇ ಹೇಳಿ!

ಅಂಗಡಿಗೆ ಓಡಿದೆವು. ಕಪ್ಪೆಯ ಆಹಾರದ ಡಬ್ಬಿಯ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಹುಡುಕುವ ದಂಪತಿಗಳನ್ನು ಆ ಅಂಗಡಿಯವನು ಅಲ್ಲಿಯವರೆಗೆ ನೋಡಿರಲಿಲ್ಲವಂತೆ. ಕೊನೆಗೆ ಎಲೆಯ ಚಿತ್ರವಿದ್ದ ಪಾಚಿಯ ಗುಳಿಗೆ ಸಿಕ್ಕಿತು. ಬಬ್ಲು ಅದನ್ನು ಮೂಸಿಯೂ ನೋಡಲಿಲ್ಲ. ಐದು ದಿನ ತೊಟ್ಟಿಯ ತಳದಲ್ಲಿ ಕಲ್ಲಿನ ಹಾಗೆ ಕೂತಿತ್ತು. "ಅಪ್ಪಾ, ಈಸ್ ಹಿ ಡೈಯಿಂಗ್?" ಎಂದು ಅನ್ವಿ ಅಳುಮುಖ ಮಾಡಿ ಕೇಳಿದಳು. ಮಾರನೆಯ ಸಂಜೆ ಅಮ್ಮ ಮಗಳು ಹಾಲು ತರಲು ಹೋದಾಗ, ಕಣ್ಣು ಮುಚ್ಚಿ ರಾಮ ರಾಮ ಎನ್ನುತ್ತ ಎರಡು ಮರಿಗಳನ್ನು ತೊಟ್ಟಿಗೆ ಬಿಟ್ಟೆ. ಅವರು ಬಂದಾಗ ಬಬ್ಲು ಈಜುತ್ತಿತ್ತು. "ಗುಳಿಗೆ ತಿಂತು!" ಎಂದೆ. ವಸುಧಾ ದೇವರಿಗೆ ಕೈಮುಗಿದಳು, ಅನ್ವಿ ಕುಣಿದಳು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆ ಶುಕ್ರವಾರ ಉಪ್ಪಿಟ್ಟಿನ ಜೊತೆ, "ನಮ್ಮನೆ ಕಪ್ಪೆ ಈಗ ಶುದ್ಧ ಸಸ್ಯಾಹಾರಿ" ಎಂದುಬಿಟ್ಟೆ. ಭಜನಾ ಮಂಡಳಿಯವರು ತಿಂಗಳ ಕೊನೆಯ ಶುಕ್ರವಾರ ಮಕ್ಕಳಿಗೆ 'ಅಹಿಂಸೆ ಮನೆಯಿಂದಲೇ' ಎಂಬ ವಿಷಯದ ಮೇಲೆ ನನ್ನ ಭಾಷಣ ಇಟ್ಟೇಬಿಟ್ಟರು.

ಅತ್ತ ಬಬ್ಲು ದಿನದಿನಕ್ಕೆ ಊದುತ್ತ ಹೋಗಿ ಮೂಸಂಬಿಯಷ್ಟು ಗುಂಡಗಾಯಿತು. ನಾನು ಹಾಕುತ್ತಿದ್ದದ್ದು ಸಂಜೆಗೆ ಎರಡೇ ಮರಿ. ಗಾಬರಿಯಾಗಿ ದಿನೇಶನಿಗೆ ವೀಡಿಯೋ ಕರೆ ಮಾಡಿ ತೋರಿಸಿದೆವು.

"ಎಂತದು ಮಾರಾಯ್ರೆ ಇದು! ದಿನಕ್ಕೆಷ್ಟು ಸರ್ತಿ ಹಾಕ್ತೀರಿ? ಹೊಟ್ಟೆ ಒಡ್ದು ಸಾಯ್ತದೆ!"

"ಬರೀ ಗುಳಿಗೆ ಕಣಪ್ಪಾ," ಎಂದೆ.

"ಎಲ್ಲುಂಟು, ಡಬ್ಬಿ ತೋರ್ಸಿ."

ಡಬ್ಬಿ ತುಂಬಿತ್ತು. ಮೊದಲು ಅನ್ವಿಯ ಕಣ್ಣಲ್ಲಿ ನೀರು ಬಂತು. "ಸಾರಿ ಅಪ್ಪಾ, ಐ ಗೇವ್ ಹಿಮ್ ಟೂ ಫಿಶ್. ಎವ್ರಿ ಮಾರ್ನಿಂಗ್." ವಸುಧಾ ಗೋಡೆ ನೋಡುತ್ತ, "ನಾನೂ ಮಧ್ಯಾಹ್ನ ಎರಡು ಹಾಕ್ತಿದ್ದೆ ರೀ. ಗುಳಿಗೆ ಮುಟ್ಟದೆ ಹಸ್ಕೊಂಡ್ ಕೂತಿರೋದು ನೋಡಕ್ಕಾಗ್ಲಿಲ್ಲ," ಎಂದಳು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಡಬ್ಬಿಯ ಮುಚ್ಚಳವನ್ನು ಮತ್ತೆ ಮತ್ತೆ ತಿರುಗಿಸಿ ಮುಚ್ಚಿದೆ.

"ನಿಮ್ಮದೆಷ್ಟು ಮಾರಾಯ್ರೆ?" ಎಂದು ದಿನೇಶ ಫೋನಿನೊಳಗೆ ಬಿದ್ದು ಬಿದ್ದು ನಗುತ್ತಿದ್ದ.

ಈಗ ಫ್ರಿಜ್ಜಿನ ಬಾಗಿಲಿಗೆ ಸರದಿಯ ಪಟ್ಟಿ ಅಂಟಿಸಿದ್ದೇವೆ, ದಿನಕ್ಕೊಬ್ಬರು. ಬಬ್ಲುವಿನ ಹೊಟ್ಟೆ ಇಳಿದಿದೆ. ಇವತ್ತು ಶುಕ್ರವಾರ, ನನ್ನ ಸರದಿ. ಹತ್ತು ಗಂಟೆಗೆ ಭಾಷಣ. ಪಂಚೆ ಎತ್ತಿ ಕಟ್ಟಿ, ಬಲೆ ಹಿಡಿದು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಪ್ರಿಯ ಮಕ್ಕಳೇ, ಪ್ರತಿ ಜೀವವೂ..." ಎಂದು ಅಭ್ಯಾಸ ಮಾಡುತ್ತಿದ್ದೆ. ನಾನು ನೋಡುತ್ತಿದ್ದಂತೆಯೇ ಗೌರಮ್ಮ ತಿರುಗಿ ತನ್ನದೇ ಒಂದು ಮರಿಯನ್ನು ಗುಳುಂ ಎಂದು ನುಂಗಿದಳು. ಹಸಿರು ಬಳೆ, ಮೂರು ಬಗೆಯ ಚಿತ್ರಾನ್ನ ಎಲ್ಲ ನನ್ನ ಕಣ್ಣ ಮುಂದೆ ಬಂದವು. ಅವಳು ಮಾತ್ರ ಬಾಯಿ ಮುಚ್ಚಿಕೊಂಡು, ಏನೂ ಆಗದವಳಂತೆ ಈಜಿಕೊಂಡು ಹೋದಳು. ಅಷ್ಟು ಬುದ್ಧಿ ನನಗಿದ್ದಿದ್ದರೆ ನಾನೀಗ ಭಾಷಣಕ್ಕೆ ಹೊರಡಬೇಕಾಗಿರಲಿಲ್ಲ.